ಸಿಗ್ನಲ್‌ನಲ್ಲಿ ನಿಂತರೆ ಕಾರು ಅದುರುತ್ತೆ, ಹೆಡ್ ಇಳಿಸಲೇಬೇಕಾ?

ಪ್ರಶ್ನೆ: ನನ್ನದು 2014ರ ಮಾದರಿಯ ಮೂರು ಸಿಲಿಂಡರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. 78 ಸಾವಿರ ಕಿ.ಮೀ. ಓಡಿದೆ. ದಾವಣಗೆರೆಯಲ್ಲೇ ಮನೆ, ದಿನಾ ಕಾಲೇಜಿಗೆ ನಾಲ್ಕು ಕಿ.ಮೀ. ಓಡಾಟ. ಐದಾರು ತಿಂಗಳಿಂದ ಜಯದೇವ ಸರ್ಕಲ್‌ನಂಥ ಕಡೆ ನಿಂತಾಗ ಸ್ಟೇರಿಂಗ್, ಸೀಟು, ಕನ್ನಡಿ ಎಲ್ಲಾ ಅದುರುತ್ತದೆ. ಎಸಿ ಹಾಕಿದರೆ ಆರ್‌ಪಿಎಂ 600ರ ಹತ್ತಿರ ಇಳಿದು ಒಮ್ಮೊಮ್ಮೆ ಬಂದ್ ಆಗುತ್ತದೆ. ಚಿತ್ರದುರ್ಗಕ್ಕೆ ಹೈವೇಯಲ್ಲಿ ಹೋದರೆ ಏನೂ ತೊಂದರೆ ಇಲ್ಲ. ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿ ಇಂಜೆಕ್ಟರ್ ಕ್ಲೀನ್ ಮಾಡಿಕೊಟ್ಟರು. ಒಂದು ವಾರ ಪರವಾಗಿಲ್ಲ ಅನಿಸಿತು, ಆಮೇಲೆ ಮತ್ತೆ ಅದೇ ಕಥೆ. ಇನ್ನೊಬ್ಬರು ಹೆಡ್ ಇಳಿಸಬೇಕು ಅಂತಿದ್ದಾರೆ. ಇಳಿಸಬೇಕಾ ಸರ್?

ಉತ್ತರ: ಈಗಲೇ ಬೇಡ ಮೇಡಂ. ಹೆಡ್, ಅಂದರೆ ಸಿಲಿಂಡರ್ ಮೇಲೆ ಕೂತು ವಾಲ್ವ್ ಹೊತ್ತಿರುವ ಭಾಗ, ಇಳಿಸಲೇಬೇಕಾದ ಕಾಯಿಲೆ ಇದ್ದರೂ ಇರಬಹುದು. ಆದರೆ ಆ ಮಾತನ್ನು ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜು ಹೇಳಬೇಕೇ ಹೊರತು ಬಾನೆಟ್ ಎತ್ತಿ ಎರಡು ನಿಮಿಷ ಕಿವಿಗೊಟ್ಟವರಲ್ಲ. ನೀವು ಬರೆದ ಸಾಲುಗಳಲ್ಲೇ ಬೇಕಾದಷ್ಟು ಸುಳಿವಿದೆ. ನಿಂತಾಗ ಮಾತ್ರ ಅದುರು, ಓಡುವಾಗ ಇಲ್ಲ. ಎಸಿ ಹಾಕಿದರೆ ಕುಸಿತ. ದಿನಕ್ಕೆ ನಾಲ್ಕೇ ಕಿಲೋಮೀಟರ್. ಇವು ಮೂರೂ ಸೇರಿದಾಗ ನನ್ನ ಮೊದಲ ಅನುಮಾನ, ಇಂಜಿನ್‌ಗೆ ಎಷ್ಟು ಗಾಳಿ ಹೋಗಬೇಕು ಅಂತ ತಡೆದು ಬಿಡುವ ಥ್ರಾಟಲ್ ಬಾಡಿಯಲ್ಲಿ ಕಟ್ಟಿಕೊಂಡ ಮಸಿಯ ಮೇಲೆ. ಎರಡನೆಯದು, ಎಲ್ಲೋ ಕಳ್ಳದಾರಿಯಲ್ಲಿ ಇಂಜಿನ್ ಒಳಗೆ ನುಗ್ಗುತ್ತಿರುವ ಗಾಳಿ. ಹೆಡ್ಡಿನ ಸರದಿ ಕೊನೆಗೆ.

ಇದೇಕೆ ಹೈವೇಯಲ್ಲಿ ಕಾಣುವುದಿಲ್ಲ ಅನ್ನುವುದನ್ನು ಮೊದಲು ತಿಳಿದುಕೊಂಡರೆ ಗ್ಯಾರೇಜಿನಲ್ಲಿ ಯಾರು ಏನು ಹೇಳಿದರೂ ನೀವೇ ತೂಗಿ ನೋಡಬಹುದು. ನಿಮ್ಮ ಇಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗ, ನಿಮಿಷಕ್ಕೆ ಸುಮಾರು 850 ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳಿ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ ಒಂದು ಸಿಲಿಂಡರ್ ಉರಿಯುತ್ತದೆ. ಅಂದರೆ ಸೆಕೆಂಡಿಗೆ 7 ಸಲ, ಮೂರೂ ಸೇರಿ 21 ಸಲ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಸೆಕೆಂಡಿಗೆ ಏಳು ಸಲ ಇಂಜಿನ್ ಮುಗ್ಗರಿಸಿದ ಹಾಗೆ. ಅದು ಸೀಟಿಗೂ ಸ್ಟೇರಿಂಗ್‌ಗೂ ನೇರವಾಗಿ ತಟ್ಟುತ್ತದೆ. 2500 ಆರ್‌ಪಿಎಂನಲ್ಲಿ ಅದೇ ತಪ್ಪನ್ನು ಇಂಜಿನ್ ಜತೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲ್‌ನ ಓಟ ಮುಚ್ಚಿಹಾಕುತ್ತದೆ.

ಗಾಳಿಯ ಲೆಕ್ಕವೂ ಹೀಗೇ. ಐಡಲ್‌ನಲ್ಲಿ ಥ್ರಾಟಲ್ ತಟ್ಟೆ ಬಹುತೇಕ ಮುಚ್ಚಿರುತ್ತದೆ, ಗಾಳಿಗೆ ಇರುವುದು ಕೂದಲೆಳೆಯಷ್ಟು ಸಂದು. ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನದರ ಮೂರನೇ ಒಂದು ಭಾಗದ ಸುತ್ತಮುತ್ತ ಇರುತ್ತದೆ. ಅಂಥ ಹೊತ್ತಲ್ಲಿ ಸಂದಿನಲ್ಲಿ ಸ್ವಲ್ಪ ಜಿಡ್ಡು ಕೂತರೂ ಕಷ್ಟ, ಯಾವುದೋ ಹೋಸ್‌ನಲ್ಲಿ ಬಿರುಕು ಬಿಟ್ಟು ಸ್ವಲ್ಪ ಗಾಳಿ ಹೆಚ್ಚು ಬಂದರೂ ಕಷ್ಟ. ಹರಿಯುತ್ತಿರುವ ಭದ್ರಾ ನಾಲೆಗೆ ಒಂದು ಕೊಡ ನೀರು ಸುರಿದರೆ ಯಾರಿಗೆ ಗೊತ್ತಾಗುತ್ತದೆ? ಅದೇ ಕೊಡವನ್ನು ಅಡುಗೆಮನೆ ಬೋಗುಣಿಗೆ ಸುರಿದು ನೋಡಿ.

ಈಗ ದುಡ್ಡಿಲ್ಲದ ಪರೀಕ್ಷೆ. ಬಯಲಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ರೇಡಿಯೇಟರ್ ಫ್ಯಾನ್ ಒಂದು ಸಲ ತಿರುಗಿ ನಿಲ್ಲುವವರೆಗೆ ಇಂಜಿನ್ ಬಿಸಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಖಂಡಿತ ಬೇಡ, ಸೈಲೆನ್ಸರ್ ಹೊಗೆ ಜೀವಕ್ಕೆ ಅಪಾಯ. ಆಮೇಲೆ ಆರ್‌ಪಿಎಂ ಸೂಜಿಯನ್ನೇ ನೋಡುತ್ತಾ ಕೂರಿ. ಸೂಜಿ ಅಲುಗದೆ ನಿಂತಿದ್ದು, ಸೈಲೆನ್ಸರ್ ಸದ್ದೂ ಒಂದೇ ಸಮ ಇದ್ದು, ಮೈಗೆ ಮಾತ್ರ ಅದುರು ತಗಲುತ್ತಿದ್ದರೆ ಇಂಜಿನ್ ಸರಿಯಾಗೇ ಇದೆ, ಇಂಜಿನ್ ಕೂರಿಸಿರುವ ಮೌಂಟಿಂಗ್ ರಬ್ಬರ್ ಹೋಗಿದೆ. ಸೂಜಿ ಆಗಾಗ ಚುಚ್ಚಿದ ಹಾಗೆ ಕೆಳಕ್ಕೆ ಜಗ್ಗಿ, ಸೈಲೆನ್ಸರ್ ಬಾಯಲ್ಲಿ ಪುಸ್ ಪುಸ್ ಎಂದು ತಾಳ ತಪ್ಪುತ್ತಿದ್ದರೆ ಅದು ಮಿಸ್ಸಿಂಗ್, ಒಂದು ಸಿಲಿಂಡರ್ ಉರಿಯುತ್ತಿಲ್ಲ. ಸೂಜಿ 800ರಿಂದ 1500ಕ್ಕೆ ಏರುವುದು, ಇಳಿಯುವುದು, ಮತ್ತೆ ಏರುವುದು ಮಾಡುತ್ತಿದ್ದರೆ ಗಾಳಿ ಲೀಕ್. ಏನೂ ಹಾಕದಿದ್ದಾಗ ಸುಮಾರಾಗಿ ನಿಂತು, ಎಸಿ ಒತ್ತಿದ ಕೂಡಲೇ ಕುಸಿದು ಮೇಲೇಳಲು ಒದ್ದಾಡಿದರೆ ಥ್ರಾಟಲ್ ಮಸಿ. ನೀವು ಬರೆದಿರುವುದು ಈ ಕೊನೆಯದಕ್ಕೆ ಹತ್ತಿರ. ಎಸಿ ಕಂಪ್ರೆಸರ್ ಕಚ್ಚಿಕೊಂಡಾಗ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ತಾನಾಗಿಯೇ ಹೆಚ್ಚು ಗಾಳಿ ಬಿಟ್ಟು ಆರ್‌ಪಿಎಂ ಬೀಳದ ಹಾಗೆ, ಹಲವು ಕಾರುಗಳಲ್ಲಿ ಸ್ವಲ್ಪ ಮೇಲಕ್ಕೇ, ಹಿಡಿಯಬೇಕು. ನಿಮ್ಮದರಲ್ಲಿ ಅದಕ್ಕೆ ಬಿಡಲು ಗಾಳಿಯೇ ಸಾಲುತ್ತಿಲ್ಲ.

ಒಂದು ಮಾತು ನೆನಪಿರಲಿ. ಮೂರು ಸಿಲಿಂಡರ್ ಇಂಜಿನ್ನು ಹುಟ್ಟಿನಿಂದಲೇ ಸ್ವಲ್ಪ ಅದುರುವ ಜಾತಿ. ಹೊಸದರಲ್ಲೂ ಇತ್ತು, ಇನ್ನು ಮುಂದೆಯೂ ಇರುತ್ತದೆ. ಪಕ್ಕದ ಮನೆಯವರ ನಾಲ್ಕು ಸಿಲಿಂಡರ್ ಕಾರಿಗೆ ಹೋಲಿಸಿ ಮೆಕ್ಯಾನಿಕ್ ಜತೆ ಜಗಳ ಆಡಬೇಡಿ.

ಇನ್ನು ಥ್ರಾಟಲ್ ಬಾಡಿ. ಏರ್ ಫಿಲ್ಟರ್ ಡಬ್ಬಿಯಿಂದ ಇಂಜಿನ್‌ಗೆ ಹೋಗುವ ದಪ್ಪ ರಬ್ಬರ್ ಪೈಪಿನ ಕ್ಲಿಪ್ ಸಡಿಲಿಸಿ ತೆಗೆದರೆ ಅಲ್ಯೂಮಿನಿಯಂ ಬಾಯಿ ಕಾಣುತ್ತದೆ, ಒಳಗೆ ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ಹಿತ್ತಾಳೆ ಬಣ್ಣದ ತಟ್ಟೆ. ಮುಂಭಾಗ ನೋಡಿ ಕ್ಲೀನಾಗಿದೆ ಅಂತ ಮುಚ್ಚಿಬಿಡುವವರೇ ಹೆಚ್ಚು. ಮಸಿ ಇರುವುದು ಹಿಂದೆ. ತಟ್ಟೆಯನ್ನು ಬೆರಳಲ್ಲಿ ತಳ್ಳಿ ಟಾರ್ಚ್ ಬಿಟ್ಟು ನೋಡಿದರೆ, ತಟ್ಟೆಯ ಅಂಚು ಗೋಡೆಗೆ ತಾಗುವ ಜಾಗದಲ್ಲಿ ಸುತ್ತಲೂ ಕಪ್ಪು ಉಂಗುರ ಕಟ್ಟಿರುತ್ತದೆ. ಬೆರಳಿಗೆ ಅಂಟುವ, ಡಾಂಬರಿನಂಥ ಜಿಡ್ಡು. ಗಾಳಿ ನುಸುಳಬೇಕಾದ ಸಂದನ್ನು ಈ ಉಂಗುರವೇ ನುಂಗಿರುತ್ತದೆ.

ಇದು ಬರುವುದು ಇಂಜಿನ್ ಒಳಗಿಂದಲೇ. ಕ್ರ್ಯಾಂಕ್‌ಕೇಸಿನ ಆಯಿಲ್ ಆವಿಯನ್ನು ಪಿಸಿವಿ ಹೋಸ್ ಮತ್ತೆ ಇನ್‌ಟೇಕ್‌ಗೆ ಕಳಿಸುತ್ತದೆ. ಅದು ಧೂಳಿನ ಜತೆ ಸೇರಿ ತಟ್ಟೆಯ ಮೇಲೆ ಕೂರುತ್ತದೆ. ದಿನಾ ನಾಲ್ಕು ಕಿ.ಮೀ. ಓಡುವ ಗಾಡಿಯ ಆಯಿಲ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಅದರಲ್ಲಿ ಸೇರಿದ ನೀರಿನಂಶ, ಪೆಟ್ರೋಲಿನಂಶ ಹಾರಿಹೋಗದೆ ಆ ಆವಿ ಇನ್ನೂ ಕೊಳಕಾಗುತ್ತದೆ. ಅದಕ್ಕೇ ವಾರವೆಲ್ಲಾ ಊರೊಳಗೆ ಸುತ್ತುವ ಕಾರಿಗೆ ಈ ಕಾಯಿಲೆ ಬೇಗ, ಹುಬ್ಬಳ್ಳಿ ಬೆಂಗಳೂರು ಓಡುವ ಟ್ಯಾಕ್ಸಿಗೆ ತಡ. ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಬದಿಯಲ್ಲೇ ಒಣಗಿಸುವುದು, ಮಷಿನ್ ಹಾಕುವುದು ನಡೆಯುತ್ತದಲ್ಲ, ಆ ತೌಡಿನಂಥ ಧೂಳು ಏರ್ ಫಿಲ್ಟರಿಗೆ ಬಡಿಯುತ್ತದೆ. ನವೆಂಬರ್ ಡಿಸೆಂಬರ್ ಕಳೆದ ಮೇಲೆ ಫಿಲ್ಟರ್ ಒಂದು ಸಲ ತೆಗೆದು ನೋಡಿ. ಗಾಳಿ ಹೊಡೆದು ಮತ್ತೆ ಹಾಕುವುದಕ್ಕಿಂತ ಹೊಸದೇ ಲೇಸು.

ತೊಳೆಯುವ ಕೆಲಸ ಅರ್ಧ ಗಂಟೆಯದು. ಥ್ರಾಟಲ್ ಬಾಡಿ ಕ್ಲೀನರ್ ಸ್ಪ್ರೇ ಡಬ್ಬಿಗೆ ಕೆಲವು ನೂರು ರೂಪಾಯಿ. ಇಂಜಿನ್ ತಣ್ಣಗಿರಬೇಕು, ಕೀ ತೆಗೆದಿರಬೇಕು. ಸ್ಪ್ರೇಯನ್ನು ಮೆತ್ತನೆ ಬಟ್ಟೆಗೆ ಹೊಡೆದು ಒರೆಸಬೇಕು. ಬಾಡಿಯೊಳಗೆ ಡಬ್ಬಿಗಟ್ಟಲೆ ಸುರಿದರೆ ಸೆನ್ಸರ್, ಮೋಟಾರಿಗೆ ಇಳಿದು ಕೆಡುತ್ತದೆ. ಸ್ಯಾಂಡ್‌ಪೇಪರ್, ಚಾಕು ಮುಟ್ಟಿಸಲೇಬಾರದು. ಆಕ್ಸಿಲರೇಟರ್‌ಗೆ ಕೇಬಲ್ ಇರುವ ಗಾಡಿಯಾದರೆ ಪಕ್ಕದಲ್ಲಿ ಐಡಲ್ ಏರ್ ವಾಲ್ವ್ ಇರುತ್ತದೆ, ಅದನ್ನೂ ಬಿಚ್ಚಿ ಮೂತಿಯ ಮಸಿ ತೆಗೆಯಬೇಕು. ಇದನ್ನು ಬಿಟ್ಟರೆ ಅರ್ಧ ಕೆಲಸ. ಕೇಬಲ್ ಇಲ್ಲದೆ ಮೋಟಾರ್ ಇರುವ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಕೀ ಆನ್ ಇದ್ದಾಗ ತಟ್ಟೆಗೆ ಬೆರಳು ಹಾಕಬೇಡಿ. ಒಳಗಿನ ಪ್ಲಾಸ್ಟಿಕ್ ಗೇರೂ ಹೋದೀತು, ಬೆರಳೂ ಜಜ್ಜೀತು.

ತೊಳೆದ ಮೇಲೆ ಆರ್‌ಪಿಎಂ 1200, 1500ಕ್ಕೆ ಏರಿ ನಿಂತರೆ ಗಾಬರಿ ಬೇಡ. ಮಸಿ ಇದ್ದಾಗ ತಟ್ಟೆಯನ್ನು ಎಷ್ಟು ತೆರೆಯಬೇಕು ಅಂತ ಇಸಿಯು ಕಲಿತಿಟ್ಟುಕೊಂಡಿರುತ್ತದೆ, ಈಗಲೂ ಅಷ್ಟೇ ತೆರೆಯುತ್ತದೆ. ಸ್ಕ್ಯಾನರ್‌ನಲ್ಲಿ ಐಡಲ್ ಲರ್ನಿಂಗ್ ಮಾಡಿಸಿದರೆ ಸರಿಹೋಗುತ್ತದೆ. ಕೆಲವು ಗಾಡಿಗಳು ಒಂದೆರಡು ದಿನ ಓಡಿಸುವಷ್ಟರಲ್ಲಿ ತಾವೇ ಕಲಿಯುತ್ತವೆ. ಈ ಹಂತ ಮಾಡದೆ, ತೊಳೆದ ಮೇಲೆ ಗಾಡಿ ಇನ್ನೂ ಕೆಟ್ಟಿತು ಅಂತ ಥ್ರಾಟಲ್ ಬಾಡಿಯನ್ನೇ ಹೊಸದು ಹಾಕಿಸಿದವರನ್ನು ನೋಡಿದ್ದೇನೆ.

ಇಷ್ಟಕ್ಕೆ ಎಸಿ ಕುಸಿತ ನಿಂತು ಅದುರು ಸ್ವಲ್ಪ ಉಳಿದರೆ ಗಾಳಿ ಲೀಕ್ ಹುಡುಕಬೇಕು. ಬಾನೆಟ್ ಎತ್ತಿ ಸುಮ್ಮನೆ ಕೇಳಿ, ಎಲ್ಲಾದರೂ ಸುಯ್ ಅಂತ ಎಳೆಯುವ ಸದ್ದು ಬರುತ್ತದಾ? ಪಿಸಿವಿ ಹೋಸ್‌ನ ಮೊಣಕೈ ತಿರುವನ್ನು ಬಗ್ಗಿಸಿ ನೋಡಿ. ಹತ್ತು ವರ್ಷ ಇಂಜಿನ್ ಬಿಸಿ ತಿಂದ ರಬ್ಬರ್ ಮೇಲಿಂದ ಗಟ್ಟಿಯಾಗಿ ಕಂಡರೂ ತಿರುವಿನ ಕೆಳಭಾಗದಲ್ಲಿ ಬಾಯಿ ಬಿಟ್ಟಿರುತ್ತದೆ. ಮನೆ ಹತ್ತಿರ ಗೋಡೌನ್, ಅಕ್ಕಿ ಗಿರಣಿ ಇದ್ದರೆ ಇಲಿ ಹಲ್ಲಿನ ಗುರುತನ್ನೂ ಹುಡುಕಿ. ಇಂಜಿನ್ನಿನ ಎಳೆತ ಬಳಸಿ ಬ್ರೇಕ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಪರೀಕ್ಷೆ ಸೀಟಿನಲ್ಲಿ ಕೂತೇ ಆಗುತ್ತದೆ. ಐಡಲ್‌ನಲ್ಲಿ ಬ್ರೇಕ್ ಒತ್ತಿ ಹಿಡಿದಾಗ ಆರ್‌ಪಿಎಂ ಬದಲಾಗಿ ಕಾಲ ಬಳಿ ಗಾಳಿ ಎಳೆದಂತಾದರೆ ಬೂಸ್ಟರ್ ಅಥವಾ ಅದರ ಹೋಸ್ ಲೀಕ್. ಅದು ಐಡಲ್ ಮಾತಲ್ಲ, ಬ್ರೇಕ್ ಮಾತು, ತಡ ಮಾಡಬೇಡಿ. ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅನುಮಾನ ಬಂದರೆ ಕೆಲವರು ಉರಿಯುವ ಕಾರ್ಬ್ಯುರೇಟರ್ ಸ್ಪ್ರೇ ಹೊಡೆದು ಇಂಜಿನ್ ಸದ್ದು ಬದಲಾಗುತ್ತದಾ ನೋಡುತ್ತಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವಾಗ ಇದು ಬೆಂಕಿ ಜತೆ ಆಟ. ಸಣ್ಣ ಬಾಟಲಿಯಿಂದ ನೀರಿನ ಹನಿ ಚಿಮುಕಿಸಿದರೂ ಅದೇ ಸುಳಿವು ಸಿಗುತ್ತದೆ, ಕರೆಂಟ್ ಕನೆಕ್ಟರ್‌ಗೆ ಬೀಳದಂತೆ ನೋಡಿಕೊಂಡರಾಯಿತು.

ಎಲ್ಲರೂ ಮರೆಯುವ ಇನ್ನೊಂದು ಭಾಗ ಪರ್ಜ್ ವಾಲ್ವ್. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವ ಪುಟ್ಟ ವಾಲ್ವ್ ಇದು. ತೆರೆದೇ ಕಚ್ಚಿಕೊಂಡರೆ ಐಡಲ್ ಕೆಡುತ್ತದೆ. ಗುರುತು: ಬಂಕಿನಲ್ಲಿ ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ಸತಾಯಿಸುವುದು. ನಿಮಗೆ ಹಾಗೇನಾದರೂ ಆಗಿದೆಯಾ? ಗನ್ ಕಟ್ ಆದ ಮೇಲೂ ಕುತ್ತಿಗೆವರೆಗೆ ಹಾಕಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ, ಆ ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರಿಗೆ ನುಗ್ಗಿ ಅದನ್ನು ಹಾಳು ಮಾಡುತ್ತದೆ.

ಇಷ್ಟರಲ್ಲಿ ಸ್ಕ್ಯಾನರ್ ಹಾಕಿಸಿ. ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಒಂದು ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಅಡಾಪ್ಟರ್ ಕೊಂಡರೆ ಮೊಬೈಲಿನಲ್ಲೇ ನೋಡಬಹುದು. ಪಿ0301, ಪಿ0302, ಪಿ0303 ಅಂದರೆ ಕ್ರಮವಾಗಿ ಒಂದು, ಎರಡು, ಮೂರನೇ ಸಿಲಿಂಡರ್ ಮಿಸ್ ಆಗುತ್ತಿದೆ. ಪಿ0300 ಅಂದರೆ ಯಾವುದು ಅಂತ ನಿಗದಿಯಾಗಿಲ್ಲ. ಪಿ0505 ಐಡಲ್ ನಿಯಂತ್ರಣದ ದೂರು. ಕೋಡ್ ಇಲ್ಲದಿದ್ದರೆ ಕಾಯಿಲೆ ಇಲ್ಲ ಅಂತಲ್ಲ, ಇಸಿಯು ಇನ್ನೂ ಸಹಿಸಿಕೊಂಡಿದೆ ಅಂತಷ್ಟೇ.

ಕೋಡ್‌ಗಿಂತ ಲೈವ್ ಡೇಟಾದಲ್ಲಿ ಸತ್ವ ಜಾಸ್ತಿ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಎಷ್ಟು ತೋರಿಸುತ್ತದೆ ನೋಡಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 94 ಕಿಲೋಪಾಸ್ಕಲ್ ಸುತ್ತಮುತ್ತ ಬರಬೇಕು, ಚಿತ್ರದುರ್ಗದಲ್ಲಿ ಒಂದೂವರೆಯಷ್ಟು ಕಡಿಮೆ. ಪುಸ್ತಕದಲ್ಲಿರುವ 101 ಸಮುದ್ರಮಟ್ಟದ ಲೆಕ್ಕ, ಅದು ಬರಲಿಲ್ಲ ಅಂತ ಸೆನ್ಸರ್ ಬದಲಿಸಬೇಡಿ. ಬಿಸಿ ಇಂಜಿನ್, ಎಸಿ ಬಂದ್, ಐಡಲ್‌ನಲ್ಲಿ 30ರಿಂದ 40 ಬಂದರೆ ಆರೋಗ್ಯ. 50 ದಾಟಿದರೆ ಗಾಳಿ ಲೀಕ್, ಮಿಸ್ಸಿಂಗ್, ಟೈಮಿಂಗ್ ಅಥವಾ ಕಂಪ್ರೆಷನ್ ಇವುಗಳಲ್ಲಿ ಏನೋ ಒಂದಿದೆ.

ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು (ಪ್ಲಸ್) ಅಥವಾ ಕಡಿಮೆ (ಮೈನಸ್) ಕೊಡುತ್ತಿದೆ ಅನ್ನುವ ಅಂಕಿಯನ್ನು ಎಚ್ಚರದಿಂದ ಓದಬೇಕು. ಐಡಲ್‌ನಲ್ಲಿ ಪ್ಲಸ್ 20 ಇದ್ದು 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ಗಾಳಿ ಲೀಕ್ ಅಂತ ಎಲ್ಲಾ ಕಡೆ ಹೇಳಿಕೊಡುತ್ತಾರೆ. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಕಾರಿಗೆ ಅದು ಸರಿ. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟು ಮ್ಯಾಪ್ ಸೆನ್ಸರ್ ಮೇಲೆ ನಡೆಯುವವು. ಅವುಗಳಲ್ಲಿ ಲೀಕ್ ಆದ ಗಾಳಿಯೂ ಒತ್ತಡವಾಗಿ ಸೆನ್ಸರ್‌ಗೆ ತಿಳಿಯುತ್ತದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಕೊಡುತ್ತದೆ, ಟ್ರಿಮ್ ಹೆಚ್ಚು ಅಲುಗುವುದೇ ಇಲ್ಲ. ಆರ್‌ಪಿಎಂ ಮಾತ್ರ ಏರಿಳಿಯುತ್ತದೆ. ಸೂಜಿಯನ್ನು ನೋಡಿ ಅಂತ ನಾನು ಮೊದಲೇ ಹೇಳಿದ್ದು ಇದಕ್ಕೇ. ಟ್ರಿಮ್ ಐಡಲ್‌ನಲ್ಲಿ ಸರಿಯಿದ್ದು ವೇಗಕ್ಕೆ ಪ್ಲಸ್ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ, ಫಿಲ್ಟರ್ ಅಥವಾ ಪಂಪ್ ನೋಡಬೇಕು. ನಿಮ್ಮ ಗಾಡಿ ಹೈವೇಯಲ್ಲಿ ಚೆನ್ನಾಗಿ ಎಳೆಯುವುದರಿಂದ ಅದು ಇರಲಾರದು.

ಅದೇ ಕಾರಣಕ್ಕೆ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೂ ನನಗೆ ಅನುಮಾನ ಕಡಿಮೆ. ಕಾಯಿಲ್ ಸೋತಿದ್ದರೆ ಭಾರ ಬಿದ್ದಾಗ ಮೊದಲು ಗೊತ್ತಾಗುತ್ತದೆ, ಕಡಿಮೆ ವೇಗದಲ್ಲಿ ನಾಲ್ಕನೇ ಗೇರಿನಲ್ಲೇ ಫ್ಲೈಓವರ್ ಹತ್ತಿಸಿದರೆ ಗಾಡಿ ಜಗ್ಗಾಡುತ್ತದೆ. ಹಾಗಾಗುತ್ತಿದ್ದರೆ, ಅಥವಾ ಮಳೆಯಲ್ಲಿ, ವಾಟರ್ ಸರ್ವಿಸ್ ಮಾಡಿಸಿದ ಮರುದಿನ ಅದುರು ಜಾಸ್ತಿಯಾಗುತ್ತಿದ್ದರೆ ಕಾಯಿಲ್ ಎತ್ತಿಸಿ ಪ್ಲಗ್ ಗುಂಡಿಯೊಳಗೆ ನೋಡಿಸಿ. ನೀರು ನಿಂತಿರಬಹುದು, ಇಲ್ಲವೇ ಮೇಲಿನ ಕವರ್ ಗ್ಯಾಸ್ಕೆಟ್‌ನಿಂದ ಸೋರಿದ ಆಯಿಲ್ ತುಂಬಿ ಕಾಯಿಲಿನ ರಬ್ಬರ್ ಉಬ್ಬಿರಬಹುದು. ಉದಾಹರಣೆಗೆ ಪಿ0302 ಬಂದಿದ್ದರೆ ಎರಡನೇ ಸಿಲಿಂಡರ್ ಕಾಯಿಲನ್ನು ಒಂದಕ್ಕೆ, ಒಂದರದ್ದನ್ನು ಎರಡಕ್ಕೆ ಹಾಕಿ. ಪಿ0302 ಹೋಗಿ ಪಿ0301 ಬಂದರೆ ಕಾಯಿಲ್ ಸತ್ತಿದೆ, ಹೊಸ ಪಾರ್ಟ್ ಕೊಳ್ಳದೆಯೇ ರುಜುವಾತಾಯಿತು. ಯಾವ ಸಿಲಿಂಡರ್ ಅಂತ ಪತ್ತೆ ಮಾಡಲು ಓಡುತ್ತಿರುವ ಇಂಜಿನ್ನಿನ ಕಾಯಿಲ್ ಕೀಳುವ ಹಳೆಯ ಪದ್ಧತಿ ಬೇಡ. ಉರಿಯದ ಪೆಟ್ರೋಲ್ ಸೈಲೆನ್ಸರ್‌ನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ. ಇಂಜೆಕ್ಟರ್ ಕನೆಕ್ಟರ್ ಒಂದೊಂದಾಗಿ ತೆಗೆಯಲಿ. ಯಾವುದನ್ನು ತೆಗೆದರೂ ಅದುರು ಹೆಚ್ಚಾಗಬೇಕು. ತೆಗೆದರೂ ವ್ಯತ್ಯಾಸವೇ ಬಾರದ ಸಿಲಿಂಡರ್ ಯಾವುದೋ ಅದೇ ಮೈಗಳ್ಳ. ಚೆಕ್ ಇಂಜಿನ್ ದೀಪ ಮಿನುಗಲು ಶುರುವಾದರೆ ಮಾತ್ರ ಗಾಡಿ ಓಡಿಸಬೇಡಿ.

ಹೊಸ ಪ್ಲಗ್ ಹಾಕಿದ ವಾರ ಪರವಾಗಿಲ್ಲ ಅನಿಸಿದ್ದಕ್ಕೆ ಅರ್ಥವಿದೆ. ಹೊಸ ಕಿಡಿ ಬಲವಾಗಿದ್ದರೆ ಕೆಟ್ಟ ಮಿಶ್ರಣವನ್ನೂ ಸ್ವಲ್ಪ ಕಾಲ ಹೊತ್ತಿಸಿಬಿಡುತ್ತದೆ. ಆ ಪ್ಲಗ್‌ಗಳನ್ನು ಈಗ ತೆಗೆಸಿ ಸಾಲಾಗಿ ಇಟ್ಟು ನೋಡಿ. ಬಿಸ್ಕತ್ತಿನ ಬಣ್ಣ ಸರಿ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ, ಜಿಡ್ಡುಜಿಡ್ಡಾಗಿ ಒದ್ದೆ ಅಂದರೆ ಆಯಿಲ್ ಮೇಲೆ ಬರುತ್ತಿದೆ. ಮೂರರಲ್ಲಿ ಒಂದು ಮಾತ್ರ ಬೇರೆ ಬಣ್ಣವಿದ್ದರೆ ಹುಡುಕಾಟ ಆ ಸಿಲಿಂಡರ್‌ಗೇ ಸೀಮಿತ.

ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸಿದ್ದರಿಂದ ಹೀಗಾಯಿತಾ ಅಂತ ಈಗ ಎಲ್ಲರೂ ಕೇಳುತ್ತಾರೆ. ಇ20, ಅಂದರೆ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್, ಬಂದ ಮೇಲೆ ಇಸಿಯು ಸ್ವಲ್ಪ ಹೆಚ್ಚು ಪೆಟ್ರೋಲ್ ಕೊಡಬೇಕಾಗುತ್ತದೆ, ಆ ಹೊಂದಾಣಿಕೆಯನ್ನು ಅದು ಮಾಡಿಕೊಳ್ಳುತ್ತದೆ. ಹಳೆಯ ಗಾಡಿಯ ರಬ್ಬರ್ ಭಾಗಗಳ ಮೇಲೆ ಕಣ್ಣಿಡುವುದು ಒಳ್ಳೆಯದು. ಆದರೆ ಎಸಿ ಹಾಕಿದಾಗ ಮಾತ್ರ ಬೀಳುವ ಆರ್‌ಪಿಎಂಗೆ ಬಂಕಿನವರನ್ನು ಬೈದು ಪ್ರಯೋಜನವಿಲ್ಲ.

ಇನ್ನು ನಿಮ್ಮ ಅಸಲು ಪ್ರಶ್ನೆ. ಇದೆಲ್ಲಾ ಆದ ಮೇಲೂ ಒಂದೇ ಸಿಲಿಂಡರ್ ಐಡಲ್‌ನಲ್ಲಿ ಮಿಸ್ ಹೊಡೆಯುತ್ತಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಅನ್ನುವ ಸಾಧ್ಯತೆ ಬರುತ್ತದೆ. ಇದೂ ಐಡಲ್‌ನಲ್ಲೇ ಹೆಚ್ಚು ಕಾಣುವ ದೋಷ, ಯಾಕೆಂದರೆ ನಿಧಾನಕ್ಕೆ ತಿರುಗುವಾಗ ಗಾಳಿ ಸೋರಲು ಸಮಯ ಸಿಗುತ್ತದೆ. ಗಾಡಿಗೆ ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ನನ್ನ ಅನುಮಾನ ಇನ್ನೂ ಬಲ. ಗ್ಯಾಸಿನಲ್ಲಿ ವಾಲ್ವ್ ಕೂರುವ ಸೀಟ್ ಬೇಗ ಸವೆದು, ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಟ್ಯಾಪೆಟ್ ಸಂದು ಕಡಿಮೆಯಾಗುತ್ತದೆ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಆಗ ಟ್ಯಾಪೆಟ್ ಸೆಟ್ಟಿಂಗ್‌ನಲ್ಲೇ ಮುಗಿದರೂ ಮುಗಿಯಬಹುದು.

ಕಂಪ್ರೆಷನ್ ಟೆಸ್ಟ್‌ಗೆ ಹೆಡ್ ಇಳಿಸಬೇಕಿಲ್ಲ. ಇಂಜಿನ್ ಬಿಸಿಯಿರಬೇಕು, ಮೂರೂ ಪ್ಲಗ್ ತೆಗೆದಿರಬೇಕು, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಗಟ್ಟಿಯಿರಬೇಕು. ಒಬ್ಬೊಬ್ಬರ ಗೇಜು ಒಂದೊಂದು ತೋರಿಸುವುದರಿಂದ ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಕಡಿಮೆ ಇರುವುದು ಹೆಚ್ಚಿರುವುದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಕಾಯಿಲೆ ಖಚಿತ. ಆ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಕಂಪ್ರೆಸರ್ ಗಾಳಿ ತುಂಬಿ ಲೀಕ್ ಟೆಸ್ಟ್ ಮಾಡುವ ಸೌಕರ್ಯವಿದ್ದರೆ ಇನ್ನೂ ಸ್ಪಷ್ಟ. ಥ್ರಾಟಲ್ ಕಡೆ ಸದ್ದು ಬಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗ್, ರೇಡಿಯೇಟರ್ ನೀರಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಥ್ರಾಟಲ್ ತೊಳೆಸುವ ದಿನ ಬೇರೆ ಯಾವ ಪಾರ್ಟೂ ಬದಲಿಸುವುದು ಬೇಡ ಅಂತ ಮೆಕ್ಯಾನಿಕ್‌ಗೆ ಮೊದಲೇ ಹೇಳಿ. ಒಟ್ಟಿಗೆ ನಾಲ್ಕು ಕೆಲಸ ಮಾಡಿಸಿದರೆ ಯಾವುದರಿಂದ ಸರಿಹೋಯಿತು ಅಂತ ಅವರಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಲರ್ನಿಂಗ್ ಆದ ಮೇಲೆ ಎಸಿ ಹಾಕಿದಾಗ, ಹಾಕದಿದ್ದಾಗ ಸೂಜಿ ಎಲ್ಲಿ ನಿಲ್ಲುತ್ತದೆ, ಮ್ಯಾಪ್ ಎಷ್ಟು ಅಂತ ಗುರುತು ಹಾಕಿಕೊಂಡು ಬರೆಯಿರಿ. ಹೆಡ್ ಇಳಿಸಲೇಬೇಕು ಅಂತ ಆಮೇಲೂ ಹೇಳಿದರೆ, ಮೂರೂ ಸಿಲಿಂಡರ್‌ನ ಕಂಪ್ರೆಷನ್ ಅಂಕಿಯನ್ನು ಎಸ್ಟಿಮೇಟ್ ಚೀಟಿಯ ಮೇಲೆ ಬರೆಸಿಕೊಂಡು ಆಮೇಲೆ ಒಪ್ಪಿಗೆ ಕೊಡಿ.